ಉಪ್ಪಿನಲ್ಲಿರುವ ರಕ್ಷೆ: ಪೊಟ್ಯಾಸಿಯಂ ಅಯೋಡೇಟ್



ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ತನ್ನ ಹಾರ್ಮೋನುಗಳನ್ನು ತಯಾರಿಸಲು ಅಯೋಡಿನ್ ಅವಶ್ಯಕ. ವಯಸ್ಕರಿಗೆ ದಿನವೊಂದಕ್ಕೆ ಬೇಕಾದುದು 150 ಮೈಕ್ರೋಗ್ರಾಂ ಮಾತ್ರ; ಜೀವಮಾನದ ಅಗತ್ಯವೆಲ್ಲ ಸೇರಿದರೂ ಒಂದು ಚಹಾ ಚಮಚವನ್ನು ಮೀರದು. ಇಷ್ಟು ಅಲ್ಪ ಪ್ರಮಾಣವೂ ದೊರೆಯದಿದ್ದಲ್ಲಿ ಗಳಗಂಡ ಉಂಟಾಗುತ್ತದೆ. ಗರ್ಭಿಣಿಯರಲ್ಲಿ ಕೊರತೆಯು ತೀವ್ರವಾದರೆ ಶಿಶುವಿನ ಮಿದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಆ ಹಾನಿಯನ್ನು ಮುಂದೆ ಯಾವ ಔಷಧವೂ ಪೂರ್ಣವಾಗಿ ಸರಿಪಡಿಸಲಾರದು.

1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗವು, ಅಯೋಡಿನ್‌ಯುಕ್ತ ಉಪ್ಪಿನಿಂದ ಗಳಗಂಡವು ತಗ್ಗುವುದನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಜಾರಿಗೆ ಬಂದಿತು.

ಭಾರತದಲ್ಲಿ ಉಪ್ಪಿಗೆ ಬೆರೆಸುವ ಲವಣವೇ ಪೊಟ್ಯಾಸಿಯಂ ಅಯೋಡೇಟ್. ಇದು ವಾಸನೆಯಿಲ್ಲದ ಬಿಳಿಯ ಹರಳು. ತೂಕದಲ್ಲಿ ಶೇಕಡಾ 59ರಷ್ಟು ಅಯೋಡಿನ್. ಪೊಟ್ಯಾಸಿಯಂ ಅಯೋಡೈಡ್‌ನಲ್ಲಿ ಶೇಕಡಾ 76ರಷ್ಟಿದ್ದರೂ ಗಾಳಿ, ತೇವ, ಬೆಳಕುಗಳಿಂದ ಅದು ಬೇಗನೆ ವಿಘಟನೆ ಹೊಂದುತ್ತದೆ. ಬಿಸಿಯಾದ, ತೇವಭರಿತ ಹವೆಯಲ್ಲಿ ಅಯೋಡೇಟ್ ಹೆಚ್ಚು ಕಾಲ ಸ್ಥಿರವಾಗಿ ಉಳಿಯುತ್ತದೆ.

ಆದರೂ ಅದು ನೀರಿನಲ್ಲಿ ಕರಗುವ ವಸ್ತು. ಹರಳುಪ್ಪನ್ನು ತೊಳೆದರೆ ಅಯೋಡಿನ್ ನೀರಿನೊಡನೆ ಹರಿದುಹೋಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ತೆರೆದಿಟ್ಟ ಉಪ್ಪು ನೀರೊಡೆದಾಗಲೂ ಇದೇ ನಷ್ಟ. ಆದುದರಿಂದ ಗೃಹಿಣಿಯರೂ ಅಂಗಡಿಯವರೂ ಉಪ್ಪನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಒಲೆ ಹಾಗೂ ಬಿಸಿಲಿನಿಂದ ದೂರವಿಡುವುದು ಅಗತ್ಯ. ಗ್ರಾಹಕರ ಕೈಸೇರುವ ಉಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು.

ಅಯೋಡಿನ್ ದೊರೆಯಲೆಂದು ಹೆಚ್ಚು ಉಪ್ಪು ತಿನ್ನುವುದು ಸಲ್ಲದು. ಮಿತವಾದ ಉಪ್ಪು, ಅದೂ ಅಯೋಡಿನ್‌ಯುಕ್ತವಾದುದು: ಇದೇ ಹುಟ್ಟಲಿರುವ ಕೂಸಿಗೂ ರಕ್ಷೆ.