ಕಬ್ಬಿಣ ಉಳಿಯಿತು, ಸಾರ ಹರಿಯಿತು



ಕುದುರೆಮುಖವೆಂದೊಡನೆ ನಮಗೆ ನೆನಪಾಗುವುದು ಅದಿರು. ಅಲ್ಲಿಯ ಮ್ಯಾಗ್ನಟೈಟ್ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. 1976ರಲ್ಲಿ ಅದಿರು ಕಂಪನಿ ಸ್ಥಾಪನೆಯಾಯಿತು. ಗುಡ್ಡವನ್ನು ಬಗೆದು, ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಆ ಹೋರಾಟದ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇಲ್ಲಿದ್ದೀರಿ. ಮಣ್ಣನ್ನು ಓದುವವನಾಗಿ ನಾನು ಹೇಳಬೇಕಾದುದು ಬೇರೆ.

ಕಬ್ಬಿಣವಿರುವುದು ಕುದುರೆಮುಖದ ಒಡಲಲ್ಲಿ ಮಾತ್ರವಲ್ಲ. ನಮ್ಮ ತೋಟದ ಮಣ್ಣಿನ ಕೆಂಪೂ ಕಬ್ಬಿಣದ್ದೇ. ಇದು ಮಳೆಯ ಕೆಲಸ. ಸಾವಿರಾರು ವರ್ಷಗಳಿಂದ ಸುರಿಯುತ್ತಿರುವ ಮಳೆ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ಕರಗಿಸಿ ತುಂಗೆ, ಭದ್ರೆ, ನೇತ್ರಾವತಿಯರಿಗೆ ಒಪ್ಪಿಸಿತು. ಕರಗಲೊಲ್ಲದ ಕಬ್ಬಿಣ, ಅಲ್ಯೂಮಿನಿಯಂಗಳನ್ನು ನಮಗೆ ಬಿಟ್ಟಿತು. ಆದ್ದರಿಂದಲೇ ನಮ್ಮ ಮಣ್ಣು ಹುಳಿ. ರೈತರು ತರುವ ಮಾದರಿಗಳಲ್ಲಿ ರಸಸಾರ ಐದರ ಆಸುಪಾಸಿನಲ್ಲಿರುವುದೇ ಹೆಚ್ಚು. ಇಂಥ ಮಣ್ಣಿಗೆ ಸೂಪರ್ ಫಾಸ್ಫೇಟ್ ಹಾಕಿದರೆ ಅದರ ರಂಜಕದ ಬಹುಪಾಲನ್ನು ಕಬ್ಬಿಣವೇ ಹಿಡಿದಿಟ್ಟುಕೊಳ್ಳುತ್ತದೆ. ಕೊಟ್ಟ ಸಾಲ ಬಾರದಂತೆ! ಗಿಡಕ್ಕೆ ಸಿಗುವುದು ಅತ್ಯಲ್ಪ.

ಹಾಗಾದರೆ ಇಷ್ಟು ಬಡ ಮಣ್ಣಿನಲ್ಲಿ ನಮ್ಮ ಹಿರಿಯರು ತಲೆತಲಾಂತರದಿಂದ ಅಡಿಕೆ ಬೆಳೆದದ್ದು ಹೇಗೆ? ಉತ್ತರ ಸೊಪ್ಪಿನಬೆಟ್ಟದಲ್ಲಿದೆ. ಮರದ ಬೇರು ಆಳದಿಂದ ಮೇಲೆತ್ತಿದ ಸಾರ ಎಲೆಗೆ ಬರುತ್ತದೆ. ಎಲೆ ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಕೊಳೆತ ಸೊಪ್ಪಿನ ಆಮ್ಲಗಳು ಕಬ್ಬಿಣಕ್ಕೆ ಅಂಟಿಕೊಂಡು ರಂಜಕವನ್ನು ಅದರ ಹಿಡಿತದಿಂದ ಬಿಡಿಸುತ್ತವೆ. ಹಿರಿಯರು ರಸಾಯನಶಾಸ್ತ್ರ ಓದಿರಲಿಲ್ಲ, ಫಲ ಕಂಡಿದ್ದರು. ಮಲೆನಾಡಿನ ನಿಜವಾದ ಖನಿಜ ಸಂಪತ್ತು ಗುಡ್ಡದ ಒಡಲಿಗಿಂತ ಅದರ ಮೇಲಿನ ಈ ಗೇಣುದ್ದದ ಕಪ್ಪು ಪದರದಲ್ಲಿದೆ ಎಂದು ನಾನು ಹೇಳುವುದು ಇದಕ್ಕಾಗಿ.

ಗಣಿ ನಿಂತಿತೆಂದು ನಾವು ನೆಮ್ಮದಿಯಾಗಿರುವಾಗಲೇ ಈ ಪದರ ಸದ್ದಿಲ್ಲದೆ ಹೋಗುತ್ತಿದೆ. ಕೊಟ್ಟಿಗೆಗಳು ಬರಿದಾಗಿವೆ. ಬೆಟ್ಟವನ್ನು ಸವರಿ ಹೊಸ ತೋಟ ಹಾಕುವವರಿದ್ದಾರೆ. ಇದರಲ್ಲಿ ನನ್ನ ನೆಂಟರೂ ಇದ್ದಾರೆ, ಮುಚ್ಚಿಡುವುದೇಕೆ? ಜೆಸಿಬಿಯಿಂದ ಇಳಿಜಾರನ್ನು ಕಡಿದಲ್ಲಿ ಮಣ್ಣಿಗೆ ಆಸರೆ ತಪ್ಪುತ್ತದೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಮೂಡಿಗೆರೆಯ ಸುತ್ತಮುತ್ತ, 2024ರಲ್ಲಿ ಶಿರೂರಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡಿದ್ದೇವೆ. ಅತಿಮಳೆಯೊಂದನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮಳೆ ಹಿಡಿಯುವ ಮುನ್ನ ನಿಮ್ಮ ಮನೆಯಿಂದ ಎರಡು ಮಾದರಿ ಮಣ್ಣು ತನ್ನಿ, ಅರ್ಧರ್ಧ ಕಿಲೋ ಸಾಕು. ಒಂದು ತೋಟದ್ದು, ಇನ್ನೊಂದು ಸೊಪ್ಪಿನಬೆಟ್ಟದ್ದು. ಇತ್ತೀಚೆಗೆ ಗೊಬ್ಬರ ಹಾಕಿದ ಜಾಗದಿಂದ ಬೇಡ. ಎರಡನ್ನೂ ಒಟ್ಟಿಗೆ ಪರೀಕ್ಷಿಸೋಣ.