ನೋವು, ನುಡಿ, ಧ್ಯಾನ
(ಶಾಲೆಯ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ಹಬ್ಬದ ಅಂಗಳದಲ್ಲಿ ನಿಂತು ನೋವಿನ ಮಾತನ್ನಾಡುವುದು ಉಚಿತವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಮಿರಜವು ನೋವಿನೊಡನೆ ಹಳೆಯ ನಂಟುಳ್ಳ ಊರು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಇಲ್ಲಿ ಮಿಷನ್ ಆಸ್ಪತ್ರೆಯನ್ನು ಕಟ್ಟಿದರು. ಅಂದಿನಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆಯ ಜನರು ವಾಸಿಯಾಗುವ ಆಸೆಯಿಂದ ಈ ಊರಿಗೆ ಬರುತ್ತಲೇ ಇದ್ದಾರೆ. ವೈದ್ಯನಾಗಿ, ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ, ನಾನು ಇಂದು ವಾಸಿಯಾಗದೆ ಉಳಿಯುವ ನೋವನ್ನು ಕುರಿತು ಕೆಲವು ಮಾತು ಹೇಳಬಯಸುತ್ತೇನೆ.

ನೋವು ಎರಡು ಬಗೆಯದು. ಮುಳ್ಳು ಚುಚ್ಚಿದಾಗ, ಎಲುಬು ಮುರಿದಾಗ ಬರುವ ನೋವು ಕಾವಲುಗಾರನ ಕೂಗಿನಂತೆ. ಅಪಾಯ ಕಳೆದ ಮೇಲೆ ಸುಮ್ಮನಾಗುತ್ತದೆ. ಮೂರು ತಿಂಗಳನ್ನೂ ಮೀರಿ ಉಳಿಯುವುದನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವು ಎನ್ನುತ್ತದೆ. ಇಲ್ಲಿ ಕಳ್ಳನು ಹೋದ ಮೇಲೂ ಕಾವಲುಗಾರನು ಕೂಗುತ್ತಿರಬಹುದು. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳಿಗೆ ಬಾಗಿಲೊಂದಿದೆ, ಅದನ್ನು ಮಿದುಳು ಮೇಲಿನಿಂದ ತೆರೆಯಲೂ ಮುಚ್ಚಲೂ ಬಲ್ಲದು ಎಂಬ ಸಿದ್ಧಾಂತವನ್ನು ಮಂಡಿಸಿದರು. ಅದರ ವಿವರಗಳು ಮುಂದೆ ತಿದ್ದುಪಡಿಗೊಂಡರೂ ಮೂಲ ತಿಳಿವು ಉಳಿಯಿತು: ಭಯ, ನಿದ್ರೆಗೇಡು, ಚಿಂತೆಗಳು ನೋವನ್ನು ಹೆಚ್ಚಿಸುತ್ತವೆ, ನೆಮ್ಮದಿಯು ಅದನ್ನು ತಗ್ಗಿಸುತ್ತದೆ. ಆದುದರಿಂದ "ಚಿತ್ರದಲ್ಲಿ ಏನೂ ಕಾಣಿಸಲಿಲ್ಲ, ನಿನ್ನ ನೋವು ಸುಳ್ಳು" ಎನ್ನುವುದು ಅನ್ಯಾಯ. ಆ ನೋವು ದಿಟವಾದದ್ದೇ.

ಈ ನೋವನ್ನು ಹೊತ್ತವರು ನಮ್ಮ ಸುತ್ತಲೇ ಇದ್ದಾರೆ. ಮಳೆಯಿಲ್ಲದ ಜತ್ತ ಸೀಮೆಯಿಂದ ಕಬ್ಬು ಕಡಿಯಲು ಹೋಗಿ, ಹೊರೆಯನ್ನು ತಲೆಯ ಮೇಲೆ ಹೊತ್ತು ಬಂಡಿಗೇರಿಸುವ ಹೆಣ್ಣುಮಕ್ಕಳು. ಮಿರಜದ ಓಣಿಗಳಲ್ಲಿ ನೆಲದ ಮೇಲೆ ಬಾಗಿ ಕುಳಿತು ಸಿತಾರ, ತಂಬೂರಿಗಳನ್ನು ರೂಪಿಸುವ ಕುಶಲಕರ್ಮಿಗಳು. ಇಂಥವರು ಸೊಂಟದ ನೋವನ್ನು ದುಡಿಮೆಯ ಪಾಲೆಂದೇ ನುಂಗಿಕೊಳ್ಳುತ್ತಾರೆ. ತಾಳಲಾರದಾಗ ಔಷಧದ ಅಂಗಡಿಯಲ್ಲಿ ಕೇಳಿ ಗುಳಿಗೆಯನ್ನು ನುಂಗುತ್ತಾರೆ. ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆಯು ಹೊಟ್ಟೆಯಲ್ಲಿ ಹುಣ್ಣನ್ನು ಮಾಡಬಹುದು, ಮೂತ್ರಪಿಂಡವನ್ನು ಕೆಡಿಸಬಹುದು.

ಹಾಗಾದರೆ ಧ್ಯಾನವು ಏನು ಮಾಡಬಲ್ಲದು? ಧ್ಯಾನವು ನಮ್ಮ ನೆಲಕ್ಕೆ ಹೊಸದಲ್ಲ. ಜತ್ತ ತಾಲ್ಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು ಇಂಚಗೇರಿಯಲ್ಲಿ ನೆಲೆನಿಂತು ನಾಮಧ್ಯಾನವನ್ನು ಬೋಧಿಸಿದರು. ಜಮಖಂಡಿಯ ಗುರುದೇವ ರಾನಡೆಯವರು ಅವರ ಶಿಷ್ಯರು. ಅವರು ಅರಸಿದ್ದು ಭಗವಂತನನ್ನು, ಸೊಂಟನೋವಿನ ಚಿಕಿತ್ಸೆಯನ್ನಲ್ಲ. ಸತ್ಯನಾರಾಯಣ ಗೋಯಂಕಾ ಅವರು ತೀವ್ರವಾದ ತಲೆನೋವಿನಿಂದ ಬಳಲಿ 1955ರಲ್ಲಿ ರಂಗೂನಿನಲ್ಲಿ ಊ ಬಾ ಖಿನ್ ಅವರ ಬಳಿಗೆ ಹೋದಾಗ, ಕೇವಲ ತಲೆನೋವಿಗಾಗಿ ಬರುವುದಾದರೆ ಕಲಿಸುವುದಿಲ್ಲವೆಂದು ಗುರುಗಳು ಮೊದಲು ನಿರಾಕರಿಸಿದರಂತೆ. ಆ ಶಿಷ್ಯರೇ ಮುಂದೆ ನಮ್ಮ ರಾಜ್ಯದ ಇಗತಪುರಿಯಲ್ಲಿ ವಿಪಶ್ಯನ ಕೇಂದ್ರವನ್ನು ಕಟ್ಟಿದರು.

ಆಸ್ಪತ್ರೆಯೊಳಗೆ ಧ್ಯಾನವನ್ನು ತಂದವರಲ್ಲಿ ಜಾನ್ ಕಬಟ್-ಜಿನ್ ಪ್ರಮುಖರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಬೇರೆ ಉಪಾಯ ಕಾಣದ ರೋಗಿಗಳಿಗೆ ಅವರು ಇದನ್ನು ಕಲಿಸತೊಡಗಿದರು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ದೀರ್ಘಕಾಲದ ಸೊಂಟನೋವುಳ್ಳ 342 ಜನರನ್ನು ಪರೀಕ್ಷಿಸಿತು. ಎಂಟು ವಾರಗಳ ಧ್ಯಾನ ತರಬೇತಿಯ ಗುಂಪಿನಲ್ಲಿ, 26 ವಾರಗಳ ಹೊತ್ತಿಗೆ, ನೂರಕ್ಕೆ ಸುಮಾರು 61 ಜನರ ದಿನನಿತ್ಯದ ಓಡಾಟ, ಕೆಲಸಗಳು ಗಮನಾರ್ಹವಾಗಿ ಸುಧಾರಿಸಿದ್ದವು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 44 ಜನರದು. ಇದು ಪವಾಡವಲ್ಲ, ಆದರೆ ಅಲ್ಲಗಳೆಯುವಂಥ ಲಾಭವೂ ಅಲ್ಲ.

ವಿಧಾನವು ಸರಳ. ಪದ್ಮಾಸನವೇ ಬೇಕಿಲ್ಲ; ಕುರ್ಚಿಯಾದರೂ ಸರಿ, ಮಲಗಿದರೂ ಸರಿ. ಹತ್ತು ನಿಮಿಷ ಉಸಿರು ಬಂದುಹೋಗುವುದನ್ನು ಗಮನಿಸಬೇಕು. ಮನಸ್ಸು ಓಡಿದರೆ ಬೈಯದೆ ಮರಳಿ ಕರೆತರಬೇಕು. ಅನಂತರ ನೋವಿರುವೆಡೆಗೆ ಗಮನವನ್ನು ಮೆಲ್ಲನೆ ಒಯ್ಯಬೇಕು. ಅದರ ಅಂಚು ಎಲ್ಲಿ? ಅದು ಒಂದೇ ಸಮನೆ ಇದೆಯೋ, ಏರಿಳಿಯುತ್ತಿದೆಯೋ? "ಇನ್ನು ನನ್ನ ಬದುಕು ಮುಗಿಯಿತು" ಎಂಬ ಅಂಜಿಕೆ ಬೇರೆ, ಸೊಂಟದಲ್ಲಿರುವ ಸೆಳೆತ ಬೇರೆ. ಇವೆರಡನ್ನೂ ಬಿಡಿಸಿ ನೋಡುವುದೇ ಈ ಅಭ್ಯಾಸದ ತಿರುಳು.

ಬಿಡಿಸಿ ನೋಡಲು ನುಡಿ ಬೇಕು. 1975ರಲ್ಲಿ ಅದೇ ಮೆಲ್ಜ್ಯಾಕ್ ಅವರು ರೋಗಿಗಳು ನೋವಿಗೆ ಬಳಸುವ 78 ಇಂಗ್ಲಿಷ್ ಪದಗಳನ್ನು ವರ್ಗೀಕರಿಸಿ ಪ್ರಶ್ನಾವಳಿಯೊಂದನ್ನು ರಚಿಸಿದರು. ನಮ್ಮಲ್ಲಿ ಪದಗಳಿಗೆ ಬಡತನವೇ? ಸೆಳೆಯುತ್ತದೆ, ಉರಿಯುತ್ತದೆ, ಚುಚ್ಚುತ್ತದೆ, ಹಿಂಡುತ್ತದೆ, ಸಿಡಿಯುತ್ತದೆ, ಜುಮುಗುಡುತ್ತದೆ, ಮರಗಟ್ಟುತ್ತದೆ. ಉರಿಯುವ, ಜುಮುಗುಡುವ ನೋವು ನರದ ತೊಂದರೆಯನ್ನು ಸೂಚಿಸಬಹುದು. ಅದಕ್ಕೆ ಔಷಧವೂ ಬೇರೆ. ಕನ್ನಡದ ಮುದುಕಿಯೊಬ್ಬಳು ಮರಾಠಿ ಬಾರದೆ ಬರಿದೆ "ದುಖತೆ" ಎಂದಷ್ಟೇ ಹೇಳಿದರೆ ಆ ಸೂಕ್ಷ್ಮವೆಲ್ಲ ಆಸ್ಪತ್ರೆಯ ಹೊಸ್ತಿಲಲ್ಲೇ ಉಳಿದುಹೋಗುತ್ತದೆ.

ಎಚ್ಚರಿಕೆಯ ಮಾತೊಂದನ್ನು ಮರೆಯಬಾರದು. ಎದೆನೋವು, ಜ್ವರದೊಡನೆ ಬರುವ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲು ಸೋಲುವುದು, ಮಲಮೂತ್ರಗಳ ಹಿಡಿತ ತಪ್ಪುವುದು: ಇವು ಧ್ಯಾನಕ್ಕೆ ಕುಳಿತುಕೊಳ್ಳುವ ಹೊತ್ತಲ್ಲ, ವೈದ್ಯರಲ್ಲಿಗೆ ಧಾವಿಸುವ ಹೊತ್ತು. ನಡೆಯುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಲೂಬಾರದು. ಕಣ್ಣು ಮುಚ್ಚಿ ಕುಳಿತಾಗ ಕಳವಳ ಹೆಚ್ಚುವವರು ಅಭ್ಯಾಸವನ್ನು ನಿಲ್ಲಿಸಿ ಬಲ್ಲವರನ್ನು ಕೇಳಬೇಕು.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ನೀವು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವವರು. ಇಂದು ಸಂಜೆ ಅಜ್ಜಿಯ ಬಳಿ ಕುಳಿತು, ಎಲ್ಲಿ ನೋಯುತ್ತದೆ, ಹೇಗೆ ನೋಯುತ್ತದೆ ಎಂದು ಕೇಳಿರಿ. ಅವರಾಡಿದ ಪದಗಳನ್ನು ಹಾಗೆಯೇ ಬರೆದುಕೊಳ್ಳಿರಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಹೋಗಿ ವೈದ್ಯರಿಗೆ ಅದನ್ನು ಮರಾಠಿಯಲ್ಲಿ ಬಿಡಿಸಿ ಹೇಳಿರಿ. ಮರಳಿ ಬಂದ ಮೇಲೆ ಹತ್ತು ನಿಮಿಷ ಅವರೊಡನೆ ಸುಮ್ಮನೆ ಉಸಿರನ್ನು ಗಮನಿಸುತ್ತ ಕುಳಿತುಕೊಳ್ಳಿರಿ. ನೂರು ವರ್ಷ ಈ ಶಾಲೆಯು ಉಳಿಸಿಕೊಂಡು ಬಂದ ನುಡಿಗೆ ಇದಕ್ಕಿಂತ ಸಾರ್ಥಕವಾದ ಬಳಕೆಯನ್ನು ನಾನು ಅರಿಯೆನು.