ಊರು ಬಿಟ್ಟು ಬಂದ ಮಗು ಮತ್ತು ನಾಟಕ



ವರ್ಷದ ನಡುವೆ ಬಂದು ಸೇರಿ, ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವ ಹುಡುಗನನ್ನೋ ಹುಡುಗಿಯನ್ನೋ ನಿಮ್ಮ ತರಗತಿಯಲ್ಲಿ ನೋಡಿರಬಹುದು. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಮಳೆ ನಂಬಿದ ಹೊಲ ಕೈಕೊಟ್ಟಾಗ ಕೆಲವು ಕುಟುಂಬಗಳು ಕೊಡಗಿನ ಕಾಫಿ ತೋಟಗಳಿಗೆ, ಕೆಲವು ಮೈಸೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಜೊತೆಗೆ ಮಕ್ಕಳೂ. ಪಟ್ಟಣದ ಶಾಲೆಯಲ್ಲಿ ‘ಹಾಲು’ ಎನ್ನುವ ಬದಲು ‘ಆಲು’ ಎಂದರೆ ಸಾಕು, ತರಗತಿ ನಗುತ್ತದೆ. ಮರುದಿನದಿಂದ ಮಗು ಬಾಯಿ ಬಿಡುವುದಿಲ್ಲ. ಅದನ್ನು ದಡ್ಡತನವೆಂದು ತಿಳಿಯುವವರೇ ಹೆಚ್ಚು.

ಇಂತಹ ಮೌನವನ್ನು ಬಿಡಿಸುವ ಒಂದು ದಾರಿ ನಾಟಕ ಚಿಕಿತ್ಸೆ. ಇದಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮನೋವೈದ್ಯ ಯಾಕೋಬ್ ಮೊರೆನೊ 1889ರಲ್ಲಿ ಬುಖಾರೆಸ್ಟಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಯನ್ನಾಕ್ಕೆ ಬಂದವರು. ಅವರೂ ವಲಸೆ ಬಂದ ಮಗುವೇ! ಯೌವನದಲ್ಲಿ ಅಲ್ಲಿಯ ಉದ್ಯಾನಗಳಲ್ಲಿ ಮಕ್ಕಳನ್ನು ಸೇರಿಸಿ ಕಥೆ ಹೇಳಿ, ಆಡಿಸುತ್ತಿದ್ದರು. ಪಾತ್ರಗಳ ಅದಲುಬದಲು ಅವರ ಮುಖ್ಯ ಉಪಾಯಗಳಲ್ಲೊಂದು. ನಕ್ಕ ಹುಡುಗ ಹೊಸಬನಾಗಬೇಕು, ಹೊಸಬ ಮೇಷ್ಟರಾಗಬೇಕು. ಬಸ್ ಕಂಡಕ್ಟರನ ಗದರಿಕೆ, ಅಂಗಡಿಯ ಲೆಕ್ಕ, ರಸ್ತೆ ದಾಟುವ ಭಯ, ಇವನ್ನೂ ಆಡಿ ನೋಡಬಹುದು. ಆಟದಲ್ಲಿ ತಪ್ಪಿದರೆ ಇನ್ನೊಮ್ಮೆ ಆಡಿದರಾಯಿತು.

ಆದರೆ ಮಗುವನ್ನು ಪಟ್ಟಣದವರಂತೆ ತಿದ್ದುವುದೇ ಗುರಿಯಾದರೆ ನಾಟಕವೂ ಮತ್ತೊಂದು ಶಿಕ್ಷೆಯೇ. ಆ ಸೀಮೆಯ ಮಗು ಬರಿಗೈಯಲ್ಲಿ ಬಂದಿರುವುದಿಲ್ಲ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕೆಂಪಾಚಾರಿ ಎಂಬ ಹುಡುಗ ಹೆತ್ತವರ ಮನೆ ಬಿಟ್ಟು ಗುರುವಿನ ಹಿಂದೆ ಹೊರಡುತ್ತಾನೆ. ಮುಂದೆ ಅವನೇ ಸಿದ್ಧಪ್ಪಾಜಿ. ಕಬ್ಬಿಣದ ಭಿಕ್ಷೆ ಬೇಡಲು ಹಲಗೂರಿಗೆ ಹೋದಾಗ ಅಲ್ಲಿಯ ಪಾಂಚಾಳರು ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಪರಊರಿನಲ್ಲಿ ಒಂಟಿಯಾಗಿ ನಿಂತವನ ಕಥೆಯಲ್ಲವೆ ಇದು? ಇದನ್ನು ಆಡಲು ಹೊರಟರೆ ‘ಆಲು’ ಎನ್ನುವ ನಾಲಿಗೆಯೇ ಸರಿಯಾದ ನಾಲಿಗೆ. ಕಲಿಯುವ ಸರದಿ ಉಳಿದವರದು.

1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣ, ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ‘ಚಿನ್ನರ ಮೇಳ’ ನಡೆಸುತ್ತ ಬಂದಿದೆ. ಅದು ಚಿಕಿತ್ಸೆಯಲ್ಲ, ಶಿಬಿರ. ಆದರೂ ಗುಂಪಿನಲ್ಲಿ ಕುಣಿದು ಹಾಡುವ ಮಗು ಎಷ್ಟು ಬೇಗ ಸಂಕೋಚ ಕಳೆದುಕೊಳ್ಳುತ್ತದೆಂದು ಅಲ್ಲಿ ಕಾಣಬಹುದು.

ಒಂದು ಎಚ್ಚರಿಕೆ. ಮಗುವಿನ ಮನೆಯ ದುಃಖವನ್ನೇ ಎಲ್ಲರೆದುರು ಆಡಿಸಬಾರದು. ಕಥೆಯ ಮರೆ ಇರಲಿ. ಊಟ, ನಿದ್ರೆ ಬಿಟ್ಟ ಮಗುವಿಗೆ ತಜ್ಞರ ನೆರವೇ ಬೇಕು.

ನೀವು ಮಾಡಬಹುದಾದದ್ದು ಚಿಕ್ಕದು. ಬರುವ ಶನಿವಾರ ಹೊಸಬನನ್ನೇ ನಿರ್ದೇಶಕನನ್ನಾಗಿ ಮಾಡಿ. ಯಾರು ಸಿದ್ಧಪ್ಪಾಜಿ, ಯಾರು ಪಾಂಚಾಳ, ಯಾರು ನೀಲಗಾರ ಎಂಬುದನ್ನು ಅವನೇ ಹೇಳಲಿ. ತಂಬೂರಿಗೆ ಒಂದು ಕೋಲು ಸಾಕು.